ಕಣ್ಣು ಹೊಡೆಯುವ ಮೀಸೆ ಮೀನು

ನಾನು ಕೋರಿಡೋರಾಸ್, ಅಂದರೆ ಚಿಕ್ಕದಾಗಿ ಕೋರಿ ಮೀನು, ತಂದದ್ದು ಪ್ರೀತಿಯಿಂದೇನಲ್ಲ, ಸೋಮಾರಿತನದಿಂದ. ಅಕ್ವೇರಿಯಂನ ತಳದಲ್ಲಿ ಕಸ ಕೂರುತ್ತಿತ್ತು. "ಈ ಮೀಸೆ ಮೀನು ಎರಡು ಬಿಡಿ, ತಳ ತಾನೇ ಚೊಕ್ಕಟ ಆಗುತ್ತೆ" ಅಂತ ಯಾರೋ ಹೇಳಿದರು. ಸಂಬಳ ಕೇಳದೆ ಕಸ ಗುಡಿಸುವವರು ಸಿಕ್ಕರೆ ಯಾರಿಗೆ ಬೇಡ? ಎರಡು ತಂದು ಬಿಟ್ಟೆ.

ಬಂದವು ಗಿಡದ ಹಿಂದೆ ಹೋಗಿ ಅಡಗಿ ಕೂತವು. ವಾರವಾದರೂ ಹೊರಗೆ ಬರಲಿಲ್ಲ. ಆಮೇಲೆ ಗೊತ್ತಾಯಿತು, ಇವು ಗುಂಪಿನ ಮೀನು. ಒಂದೇ ಜಾತಿಯ ಆರಾದರೂ ಇರಬೇಕು, ಇಲ್ಲದಿದ್ದರೆ ಹೆದರಿಕೆ. ಸರಿ, ಇನ್ನೂ ನಾಲ್ಕು ಬಂದವು. ಆಗ ನೋಡಿ, ಮೆರವಣಿಗೆ ಹೊರಟಿತು!

ಮುಂದಿನ ತಕರಾರು ನೆಲದ್ದು. ನಾನು ಹಾಕಿದ್ದ ಬಣ್ಣದ ಜಲ್ಲಿಯ ಅಂಚು ಚೂಪಾಗಿತ್ತು. ಇವುಗಳಿಗೋ ಮೀಸೆಯೇ ಬಂಡವಾಳ. ಅದರಿಂದಲೇ ತಡವಿ, ರುಚಿ ನೋಡಿ ಊಟ ಹುಡುಕುತ್ತವೆ. ಒರಟು ಜಲ್ಲಿಯಲ್ಲೋ ಕೊಳಕು ತಳದಲ್ಲೋ ಅದು ಸವೆದು ಮೊಂಡಾಗಿಬಿಡುತ್ತದೆ. ಒಂದು ಭಾನುವಾರ ಪೂರ್ತಿ ಕೂತು ಜಲ್ಲಿ ತೆಗೆದು ನುಣ್ಣನೆಯ ಮರಳು ಹಾಸಿದೆ. ಅವು ಬಾಯಿ ತುಂಬ ಮರಳು ತೆಗೆದುಕೊಂಡು, ಕಿವಿರಿನಿಂದ ಪುಸುಪುಸು ಹೊರಗೆ ಬಿಡುವುದನ್ನು ನೋಡಿದಾಗ ಬೆನ್ನುನೋವು ಮರೆತುಹೋಯಿತು.

ಆದರೆ ಕಸ? ಅವು ಬೇರೆ ಮೀನಿನ ಹಿಕ್ಕೆ ತಿನ್ನುವುದಿಲ್ಲ. ತಮ್ಮದನ್ನೂ ಅದಕ್ಕೆ ಸೇರಿಸುತ್ತವೆ, ಅಷ್ಟೇ. ಪೈಪ್ ಹಿಡಿದು ಕೊಳಕು ಎಳೆಯುವ ಕೆಲಸ ನನಗೆ ಮೊದಲಿಗಿಂತ ಜಾಸ್ತಿಯಾಯಿತು. ಮೇಲಿನವರು ತಿಂದುಬಿಟ್ಟ ಎಂಜಲಲ್ಲಿ ಇವುಗಳ ಹೊಟ್ಟೆಯೂ ತುಂಬುವುದಿಲ್ಲ. ಮುಳುಗುವ ಗುಳಿಗೆಯನ್ನು ಬೇರೆಯಾಗಿ ಹಾಕಬೇಕು, ಅದೂ ಲೈಟ್ ಆರಿಸಿದ ಮೇಲೆ, ಇಲ್ಲದಿದ್ದರೆ ಉಳಿದವು ನುಂಗಿಬಿಡುತ್ತವೆ. ಹೀಗೆ ಕಸ ಗುಡಿಸಲು ಬಂದವರಿಗೆ ರಾತ್ರಿ ಊಟ ಬಡಿಸುವವನಾದೆ ನಾನು.

ಒಂದು ದಿನ ಒಂದು ಕೋರಿ ತಳದಿಂದ ಬಾಣದ ಹಾಗೆ ಮೇಲೆ ಹಾರಿ, ಗಾಳಿ ಗುಟುಕರಿಸಿ, ಅಷ್ಟೇ ವೇಗದಲ್ಲಿ ಕೆಳಗಿಳಿಯಿತು. ನೀರು ಕೆಟ್ಟಿತೇ ಅಂತ ಗಾಬರಿಯಾದೆ. ಏನೂ ಇಲ್ಲವಂತೆ. ಇವು ಗಾಳಿ ನುಂಗಿ, ಕರುಳಿನಿಂದಲೂ ಆಮ್ಲಜನಕ ಹೀರಿಕೊಳ್ಳುತ್ತವೆ. ಎಲ್ಲವೂ ಮತ್ತೆ ಮತ್ತೆ ಮೇಲೆ ಓಡತೊಡಗಿದರೆ ಮಾತ್ರ ನೀರು ನೋಡಬೇಕು. ಇನ್ನು ಕಣ್ಣು ಹೊಡೆಯುವುದು. ಮೀನಿಗೆ ರೆಪ್ಪೆ ಎಲ್ಲಿಂದ ಬರಬೇಕು? ಇವು ಕಣ್ಣುಗುಡ್ಡೆಯನ್ನೇ ಸರ್ರನೆ ಕೆಳಕ್ಕೆ ಹೊರಳಿಸುತ್ತವೆ. ನಮಗೆ ಕಣ್ಣು ಹೊಡೆದ ಹಾಗೆ ಕಾಣುತ್ತದೆ. ಕಾರಣ ಗೊತ್ತಿದ್ದೂ ನಾನು ತಿರುಗಿ ಹೊಡೆಯುತ್ತೇನೆ, ಸುಮ್ನೆ.

ದಕ್ಷಿಣ ಅಮೆರಿಕದ ಹೊಳೆ ತೊರೆಗಳ ಮೀನು ಇದು. ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನಲ್ಲಿ ಹೋದಾಗ ಹಿಡಿದ ಮೀನುಗಳಲ್ಲಿ ಚುಕ್ಕೆಯ ಕೋರಿಯೂ ಇತ್ತು. 1842ರಲ್ಲಿ ಅದಕ್ಕೆ ಶಾಸ್ತ್ರದ ಹೆಸರು ಬಿತ್ತು. ಡಾರ್ವಿನ್‌ಗೂ ಕಣ್ಣು ಹೊಡೆದಿತ್ತೋ ಏನೋ. ಮೈಯ ಎರಡೂ ಬದಿಗೆ ಹುರುಪೆಯ ಬದಲು ಎರಡೆರಡು ಸಾಲು ಮೂಳೆಯ ಹಲಗೆ, ಥೇಟ್ ಸಿಪಾಯಿಯ ಕವಚ. ರೆಕ್ಕೆಯಲ್ಲಿ ಮುಳ್ಳು ಬೇರೆ. ಇಷ್ಟೆಲ್ಲ ಹೊತ್ತುಕೊಂಡೂ ಪಕ್ಕದ ಮೀನಿಗೆ ಒಂದು ಮಾತು ಅಂದದ್ದಿಲ್ಲ. ಮುಳ್ಳಿನ ರುಚಿ ಸಿಕ್ಕಿದ್ದು ನನಗೆ ಮಾತ್ರ. ಬಲೆಗೆ ಸಿಕ್ಕಿಕೊಂಡದ್ದನ್ನು ಬಿಡಿಸಲು ಹೋಗಿದ್ದೆ. ಈಗ ಲೋಟದಲ್ಲಿ ಹಿಡಿಯುತ್ತೇನೆ.

ಮೊನ್ನೆ ನೀರು ಬದಲಿಸುವಾಗ ಹೊಸ ನೀರು ಸ್ವಲ್ಪ ತಣ್ಣಗಿತ್ತು. ಮಳೆಗಾಲ ಬಂತು ಅಂದುಕೊಂಡವೋ ಏನೋ, ಮರುದಿನ ಒಂದು ಹೆಣ್ಣು ಹೊಟ್ಟೆಯ ಕೆಳಗಿನ ರೆಕ್ಕೆಗಳನ್ನು ಬೊಗಸೆ ಮಾಡಿ, ಅದರಲ್ಲಿ ಒಂದೆರಡೇ ಮೊಟ್ಟೆ ಹಿಡಿದು ತಂದು ಗಾಜಿಗೆ ಅಂಟಿಸುತ್ತಿತ್ತು. ನಾನು ಮನೆಯವರನ್ನೆಲ್ಲ ಕರೆದು ತೋರಿಸಿದೆ. ಆ ಕಡೆಯ ಗಾಜು ಉಜ್ಜಬಾರದು ಅಂತ ತಾಕೀತು ಮಾಡಿದೆ. ಸಂಜೆ ಬಂದು ನೋಡಿದರೆ ಗಾಜು ಫಳಫಳ ಹೊಳೆಯುತ್ತಿತ್ತು. ಒಂದು ಮೊಟ್ಟೆಯೂ ಇಲ್ಲ, ಹೆತ್ತವರೇ ಸೇರಿ ತಿಂದಿದ್ದರು. ನಮ್ಮ ಮನೆಗೆ ಬಂದ ಮೇಲೆ ಅವು ಅಚ್ಚುಕಟ್ಟಾಗಿ ಮಾಡಿ ಮುಗಿಸಿದ ಕ್ಲೀನಿಂಗ್ ಅದೊಂದೇ.