ಹಲ್ಲು ಎಣಿಸ್ರಪ್ಪಾ, ಆಮೇಲೆ ಲೋ ಗೇರ್ ಕೂಡ್ರಿಸ್ರಿ

"ಏನಾಗಲ್ಲ ಬಿಡ್ರಿ ಸಾವಕಾರ್ರೇ. ಗುಜರಿಯೊಳಗ ಮುಂದಿನ ಹೌಸಿಂಗ್ ಐತಿ, ಟ್ರಾನ್ಸ್‌ಫರ್ ಕೇಸ್ ಐತಿ. ಎರಡು ದಿನದಾಗ ಫೋರ್ ಬೈ ಫೋರ್ ಮಾಡಿ ಕೈಯಾಗ ಕೊಡ್ತೀವಿ."

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಹಳೆ ಮಹೀಂದ್ರಾ ಜೀಪು ಇಟ್ಟುಕೊಂಡವರೆಲ್ಲ ಈ ಮಾತು ಕೇಳಿರುತ್ತಾರೆ. ಹಿಂದಿನ ಚಕ್ರಕ್ಕಷ್ಟೇ ಎಂಜಿನಿನ ಜೋರು ಹೋಗುವ ಟೂ ವೀಲ್ ಗಾಡಿಯನ್ನು ನಾಲ್ಕೂ ಚಕ್ರಕ್ಕೆ ಹೋಗುವ ಫೋರ್ ಬೈ ಫೋರ್ ಮಾಡುವ ಮಾತು ಇದು. ಹೌಸಿಂಗ್ ಅಂದರೆ ಡಿಫರೆನ್ಷಿಯಲ್, ಆಕ್ಸಲ್ ಕೂತಿರುವ ಕಬ್ಬಿಣದ ಕವಚ. ಟ್ರಾನ್ಸ್‌ಫರ್ ಕೇಸ್ ಅಂದರೆ ಆ ಜೋರನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಪೆಟ್ಟಿಗೆ, ನಿಧಾನ ಓಟದ ಲೋ ಗೇರೂ ಅದರಲ್ಲೇ. ಎರೆ ಹೊಲದಲ್ಲಿ ಹೂತುಕೊಂಡು ಬೇಸತ್ತ ರೈತ, ಸಂಡೂರು ಗುಡ್ಡದ ಏರಿನಲ್ಲಿ ಕ್ಲಚ್ ಸುಟ್ಟುಕೊಂಡ ಡ್ರೈವರ್, ಹಳ್ಳದ ಉಸುಕಿನಲ್ಲಿ ಚಕ್ರ ತಿರುವಿ ಸಾಕಾದವರು ಇದನ್ನು ನಂಬಿ ದುಡ್ಡು ಸುರಿಯುತ್ತಾರೆ. ಕೈಗೆ ಬರುವುದು ಎರಡು ಲಿವರ್ ಹೆಚ್ಚಿಗೆ ಇರುವ, ಮೊದಲಿಗಿಂತ ಕೆಟ್ಟ ಗಾಡಿ. ಸಿಟ್ಟು ಬರುವುದು ಕೆಲಸ ಕಷ್ಟ ಅಂತಲ್ಲ. ಕೆಡುವ ಜಾಗ ಯಾವುದು ಅಂತ ಮೊದಲೇ ಗೊತ್ತಿರುತ್ತದೆ, ಅದನ್ನು ನೋಡಲು ಅರ್ಧ ತಾಸು ಸಾಕು, ಆ ಅರ್ಧ ತಾಸನ್ನೂ ಕೊಡುವುದಿಲ್ಲ. ಅದಕ್ಕೆ ಸಿಟ್ಟು.

ಹೌಸಿಂಗಿನೊಳಗಿನ ಗೇರಿನ ಜೋಡಿ, ಅಂದರೆ ಕ್ರೌನ್ ಪಿನಿಯನ್, ಅದರ ಹಲ್ಲು ಎಣಿಸುವುದಿಲ್ಲ ಇವರು!

ಹಳೆ ಮಹೀಂದ್ರಾ ಗಾಡಿಗಳ ಹೌಸಿಂಗುಗಳಲ್ಲಿ ಸಾಮಾನ್ಯವಾಗಿ ಸಿಗುವ ರೇಶಿಯೋ, ಅಂದರೆ ಚಕ್ರಗಳು ಒಂದು ಸುತ್ತು ಬರಲು ಶಾಫ್ಟು ತಿರುಗಬೇಕಾದ ಸುತ್ತು, 5.38, 4.88, 4.27. ಹಲ್ಲಿನ ಲೆಕ್ಕದಲ್ಲಿ 43ಕ್ಕೆ 8, 39ಕ್ಕೆ 8, 47ಕ್ಕೆ 11. ಹಿಂದಿನ ಹೌಸಿಂಗು 4.27 ಇರುವ ಗಾಡಿಗೆ ಗುಜರಿಯಿಂದ 5.38ರ ಮುಂದಿನ ಹೌಸಿಂಗು ತಂದು ಕೂಡಿಸಿದರೆ ಏನಾಗುತ್ತದೆ? ಟ್ರಾನ್ಸ್‌ಫರ್ ಕೇಸಿನಿಂದ ಹೌಸಿಂಗುಗಳಿಗೆ ಹೋಗುವ ಎರಡೂ ಪ್ರೊಪೆಲ್ಲರ್ ಶಾಫ್ಟು ಒಂದೇ ವೇಗದಲ್ಲಿ ತಿರುಗುತ್ತವೆ. ಹಿಂದಿನ ಚಕ್ರ 100 ಮೀಟರ್ ಓಡುವಷ್ಟರಲ್ಲಿ ಮುಂದಿನ ಚಕ್ರಕ್ಕೆ ಸಿಗುವ ಸುತ್ತು ಬರೀ 79 ಮೀಟರಿನದು. ಉಳಿದ 21 ಮೀಟರ್ ಎಲ್ಲಿಗೆ ಹೋಗಬೇಕು? ಯಾವುದೋ ಒಂದು ಟೈರು ಜಾರಬೇಕು. ಜಾರದಿದ್ದರೆ ಯಾವುದೋ ಒಂದು ಕಬ್ಬಿಣ ತಿರುಚಿಕೊಳ್ಳಬೇಕು. 4.88ಕ್ಕೆ 5.38 ಹಾಕಿದರೂ 9 ಮೀಟರಿನ ಜಗಳ ಇದ್ದೇ ಇರುತ್ತದೆ. "ಹತ್ತಿರಹತ್ತಿರ ಐತಲ್ರಿ" ಅನ್ನುವುದಕ್ಕೆ ಇಲ್ಲಿ ಜಾಗವೇ ಇಲ್ಲ.

ಮೋಸ ಬೇಗ ಹೊರಗೆ ಬೀಳುವುದಿಲ್ಲ. ಟ್ರಯಲ್ ಕೊಡುವುದು ಯಾವಾಗಲೂ ಕೆಸರಿನಲ್ಲಿ. ಕೆಸರಿನಲ್ಲಿ ಟೈರು ಜಾರುತ್ತದೆ, ಜಗಳ ಕಾಣುವುದಿಲ್ಲ, ಗಾಡಿ ಮೇಲೆ ಬರುತ್ತದೆ, ಮಾಲೀಕರು ಖುಷಿಯಿಂದ ಬಾಕಿ ಹಣ ಎಣಿಸುತ್ತಾರೆ. ಗಟ್ಟಿ ಮಸಾರಿ ನೆಲಕ್ಕೆ, ಕಲ್ಲು ದಾರಿಗೆ ಬಂದಾಗ ಸ್ಟಿಯರಿಂಗ್ ಬಿಗಿ, ಲಿವರ್ ಕಿತ್ತರೂ ಬರುವುದಿಲ್ಲ, ಒಂದು ದಿನ ಟಪ್ ಅಂತ ಪ್ರೊಪೆಲ್ಲರ್ ಶಾಫ್ಟಿನ ಕೀಲಿನ ಕ್ರಾಸ್ ಮುರಿಯುತ್ತದೆ. ಕೇಳಲು ಹೋದರೆ "ರಿವರ್ಸ್ ಹೊಡೀರಿ, ಬಿಡುತ್ತ" ಅನ್ನುವ ಉತ್ತರ. ಸರಿಯಾದ ಫೋರ್ ಬೈ ಫೋರ್ ಗಾಡಿಯಲ್ಲೂ ತಿರುವಿನಲ್ಲಿ ಬಿಗಿತ ಸೇರಿಕೊಳ್ಳುತ್ತದೆ, ನಾಲ್ಕು ಅಡಿ ಹಿಂದೆ ಬಂದರೆ ಬಿಡುತ್ತದೆ, ಅದು ನಿಜ. ಆದರೆ ನೆಟ್ಟಗೆ ಹೋಗುವಾಗಲೇ ಬಿಗಿಯುತ್ತಿದ್ದರೆ ಅದು ರೇಶಿಯೋ ತಪ್ಪು. ರಿವರ್ಸ್ ಹೊಡೆದರೆ ವಾಸಿಯಾಗುವ ಕಾಯಿಲೆ ಅಲ್ಲ.

ನೋಡುವುದು ಹೇಗೆ? ಹೌಸಿಂಗ್ ಬಿಚ್ಚುವುದೂ ಬೇಡ. ಮುಂದಿನ ಚಕ್ರಕ್ಕೆ ಕಲ್ಲು ಕೊಡಿ. ಹಿಂದಿನ ಒಂದು ಚಕ್ರ ನೆಲದ ಮೇಲೇ ಇರಲಿ, ಇನ್ನೊಂದನ್ನು ಜ್ಯಾಕ್ ಹಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಇಡಿ. ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಡುಗಡೆ. ಪ್ರೊಪೆಲ್ಲರ್ ಶಾಫ್ಟಿಗೆ ಸುಣ್ಣದಿಂದ ಒಂದು ಗೆರೆ, ಟೈರಿಗೆ ಒಂದು ಗೆರೆ. ಎತ್ತಿದ ಚಕ್ರವನ್ನು 20 ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತು ಬಂತು ಅಂತ ಒಬ್ಬರು ಎಣಿಸಲಿ. ಇನ್ನೊಂದು ಚಕ್ರ ನಿಂತೇ ಇರುವುದರಿಂದ ಡಿಫರೆನ್ಷಿಯಲ್ಲಿನ ಲೆಕ್ಕದಲ್ಲಿ ಈ 20 ಸುತ್ತು ಅಂದರೆ 10 ಸುತ್ತು ಅಷ್ಟೇ. 43ಕ್ಕೆ ಸ್ವಲ್ಪ ಕಡಿಮೆ ಬಂದರೆ 4.27. 49ಕ್ಕೆ ಸ್ವಲ್ಪ ಕಡಿಮೆ ಬಂದರೆ 4.88. 54ಕ್ಕೆ ಸ್ವಲ್ಪ ಕಡಿಮೆ ಬಂದರೆ 5.38. ಗುಜರಿಯಲ್ಲಿ ಬಿದ್ದಿರುವ ಹೌಸಿಂಗಿನದಾದರೆ ಇನ್ನೂ ಸುಲಭ, ಕವರ್ ತೆಗೆದು ಹಲ್ಲನ್ನೇ ಎಣಿಸಬಹುದು. ಎರಡನೇ ಕ್ಲಾಸಿನ ಹುಡುಗ ಮಾಡುವ ಲೆಕ್ಕ. ಇಷ್ಟನ್ನೂ ಮಾಡದೆ ಬೇರೆಯವರ ಗಾಡಿಯ ಚಾಸಿಗೆ ಗ್ಯಾಸ್ ಕಟರ್ ಹಿಡಿಯುತ್ತಾರಲ್ಲ, ಯಾವ ಧೈರ್ಯ ಅದು?

ಟೈರೂ ಇದೇ ಲೆಕ್ಕಕ್ಕೆ ಸೇರಿದ್ದು. ಹಿಂದೆ 235/75 ಆರ್ 15, ಮುಂದೆ 215/75 ಆರ್ 15 ಹಾಕಿದರೆ ವ್ಯಾಸದಲ್ಲಿ 30 ಮಿಲಿಮೀಟರ್, ಅಂದರೆ ನೂರಕ್ಕೆ ನಾಲ್ಕು ವ್ಯತ್ಯಾಸ. ಹಲ್ಲು ಸರಿ ಮಾಡಿಸಿ ಟೈರಿನಲ್ಲಿ ಹಾಳು ಮಾಡಿಕೊಳ್ಳಬೇಡಿ.

ಇನ್ನು ಗೇರ್ ಬಾಕ್ಸು. ಟೂ ವೀಲ್ ಡ್ರೈವ್ ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸನ್ನು ಬೋಲ್ಟ್ ಹಾಕಿ ಬಿಗಿದರೆ ಆಯಿತು ಅಂದುಕೊಂಡವರಿದ್ದಾರೆ. ಆ ಬಾಕ್ಸಿನ ಮೇನ್ ಶಾಫ್ಟು ಬಾಲದ ಹೌಸಿಂಗಿನ ಮೂಲಕ ಫ್ಲೇಂಜಿಗೆ ಹೋಗಿ ಮುಗಿಯುತ್ತದೆ. ಹಳೆ ಜೀಪಿನ ಡಾನಾ 18 ಮಾದರಿಯ ಟ್ರಾನ್ಸ್‌ಫರ್ ಕೇಸಿಗೆ ಬೇಕಾದ್ದು ಬೇರೆಯೇ: ಮೇನ್ ಶಾಫ್ಟಿನ ತುದಿಯ ಸ್ಪ್ಲೈನ್ (ಶಾಫ್ಟಿನ ಮೇಲೆ ಉದ್ದಕ್ಕೆ ಕೊರೆದ ಹಲ್ಲು) ಮೇಲೆ ಡ್ರೈವ್ ಗೇರ್ ಕೂತು, ಕ್ಯಾಸಲ್ ನಟ್ಟು ಬಿಗಿದು, ಸ್ಪ್ಲಿಟ್ ಪಿನ್ ಬೀಳಬೇಕು. ಹಾಗಾಗಿ ಮೇನ್ ಶಾಫ್ಟ್ ಬದಲಿಸಬೇಕು, ಇಲ್ಲವೇ ಫೋರ್ ಬೈ ಫೋರ್ ಗಾಡಿಯ ಗೇರ್ ಬಾಕ್ಸನ್ನೇ ಜೋಡಿಯಾಗಿ ತರಬೇಕು. ಜೋಡಿ ತರುವುದೇ ಒಳ್ಳೆಯದು. ಹಳೆ ಶಾಫ್ಟನ್ನು ಕತ್ತರಿಸಿ, ಲೇಥಿನಲ್ಲಿ ತುಂಡು ಬೆಸೆದು ಸ್ಪ್ಲೈನ್ ಹೊಡೆಸುವವರನ್ನು ಗಾಡಿ ಹತ್ತಿರ ಬಿಟ್ಟುಕೊಳ್ಳಬೇಡಿ. ಬೆಸುಗೆಯ ಪಕ್ಕದ ಉಕ್ಕು ಹದ ಕಳೆದುಕೊಂಡಿರುತ್ತದೆ. ಲೋ ಹಾಕಿದಾಗ ಆ ಶಾಫ್ಟು ತಿರುಚಿ ಮುರಿಯುವುದು ಅಲ್ಲಿಯೇ.

ಆ ಮಾದರಿಯ ಲೋ ರೇಶಿಯೋ ಸುಮಾರು 2.46. ಮೂರು ಗೇರಿನ ಟಿ-90 ಬಾಕ್ಸಿನ ಫಸ್ಟ್ ಗೇರ್ 2.8, ಹೌಸಿಂಗು 5.38 ಅಂತ ಇಟ್ಟುಕೊಂಡರೆ ಹೈ ಗೇರಿನಲ್ಲಿ ಒಟ್ಟು 15, ಲೋನಲ್ಲಿ 37. ಎಂಜಿನಿನ ಜೋರು ಚಕ್ರಕ್ಕೆ ಎರಡೂವರೆ ಪಟ್ಟು ಹೆಚ್ಚಿಗೆ ಬರುತ್ತದೆ. ಆ ಜೋರು ಎರಡು ಹೌಸಿಂಗಿಗೂ ಹಂಚಿಹೋಗಲಿ ಅಂತಲೇ ಕೇಸಿನೊಳಗೆ ಒಂದು ಸಣ್ಣ ಇಂಟರ್‌ಲಾಕ್ ಪಿನ್ ಇರುತ್ತದೆ. ಫೋರ್ ಬೈ ಫೋರ್ ಲಿವರ್ ಹಾಕಿ ಮುಂದಿನ ಹೌಸಿಂಗಿಗೂ ಜೋರು ಕೊಡದೆ ಲೋ ಬೀಳುವುದಿಲ್ಲ. ನಮ್ಮ ಮಹಾಶಯರು ಮಾಡುವುದೇನು? ಲಿವರ್ ಗಟ್ಟಿ ಬರುತ್ತಿದೆ ಅಂತ ಆ ಪಿನ್ನನ್ನೇ ಕಿತ್ತು ಬಿಸಾಡುತ್ತಾರೆ! ಮಾಲೀಕರಿಗೆ ಹೇಳುವುದೂ ಇಲ್ಲ. ಆಮೇಲೆ ಯಾರೋ ಹುಡುಗ ಟೂ ವೀಲಿನಲ್ಲೇ ಲೋ ಹಾಕಿ ತುಂಬಿದ ಟ್ರಾಲಿ ಎಳೆಯಲು ಹೋಗುತ್ತಾನೆ, ಹಿಂದಿನ ಆಕ್ಸಲ್ ಮುರಿಯುತ್ತದೆ, ಬೈಗುಳ ಹುಡುಗನಿಗೆ. ಲಿವರ್ ಗಟ್ಟಿ ಇದ್ದರೆ ಫೋರ್ಕ್ ಬಗ್ಗಿದೆಯೋ, ಶಿಫ್ಟ್ ರಾಡಿನ ಮೇಲೆ ಗಾಯ ಇದೆಯೋ ಅಂತ ನೋಡಬೇಕು. ಪಿನ್ ಇದ್ದಲ್ಲೇ ಇರಬೇಕು.

ಗುಜರಿಯ ಕೇಸನ್ನು ಬಿಚ್ಚದೆ ಹಾಕುವುದು ಇನ್ನೊಂದು ಪಾಪ. ಹೊರಗೆ ಡೀಸೆಲ್ಲಿನಲ್ಲಿ ತೊಳೆದು ಸಿಲ್ವರ್ ಪೇಂಟ್ ಬಳಿದರೆ ಒಳಗಿನದು ಹೊಸದಾಗುವುದಿಲ್ಲ. ಮೊದಲು ಸವೆಯುವುದು ನಡುವಿನ ಇಂಟರ್‌ಮೀಡಿಯೇಟ್ ಗೇರಿನ ಶಾಫ್ಟು. ಅದು ತಿರುಗುವುದಿಲ್ಲ, ಅದರ ಮೇಲೆ ಸೂಜಿ ಬೇರಿಂಗಿನಲ್ಲಿ ಗೇರು ತಿರುಗುತ್ತದೆ. ಎಣ್ಣೆ ಕಡಿಮೆ ಬಿದ್ದ ಕೇಸಿನಲ್ಲಿ ಶಾಫ್ಟಿನ ಮೇಲೆ ಸೂಜಿಯ ಗೆರೆಗಳು ಮೂಡಿರುತ್ತವೆ. ಉಗುರು ಆಡಿಸಿದರೆ ಸಿಗುತ್ತದೆ. ಸಿಕ್ಕಿತೋ, ಶಾಫ್ಟು, ಬೇರಿಂಗು, ಥ್ರಸ್ಟ್ ವಾಷರು ಮೂರನ್ನೂ ಬದಲಿಸಬೇಕು. ಕೇಸಿನ ತೂತೇ ಅಗಲವಾಗಿದ್ದರೆ ಎಣ್ಣೆ ಅಲ್ಲಿಂದ ಸೋರುತ್ತಲೇ ಇರುತ್ತದೆ, ಎಷ್ಟು ಗ್ಯಾಸ್ಕೆಟ್ ಪೇಸ್ಟ್ ಮೆತ್ತಿದರೂ ನಿಲ್ಲುವುದಿಲ್ಲ. ತೂತು ಬೋರ್ ಮಾಡಿಸಿ ಬುಷ್ ಹೊಡೆಸಬೇಕು. ಹಿಂದಿನ ಔಟ್‌ಪುಟ್ ಶಾಫ್ಟಿನ ಎಂಡ್ ಪ್ಲೇ, ಅಂದರೆ ಶಾಫ್ಟು ಹಿಂದೆ ಮುಂದೆ ಆಡುವ ಸಡಿಲ, ಶಿಮ್ ಅನ್ನುವ ತೆಳು ತಗಡಿನಿಂದ ಹೊಂದಿಸುವಂಥದ್ದು, 0.10ರಿಂದ 0.20 ಮಿಲಿಮೀಟರಿನೊಳಗೆ. ಡಯಲ್ ಗೇಜ್ ಇಲ್ಲದ ಗ್ಯಾರೇಜಿನಲ್ಲಿ ಶಿಮ್ ಬದಲು ದಪ್ಪ ಕಾಗದದ ಗ್ಯಾಸ್ಕೆಟ್ ಕತ್ತರಿಸಿ ಹಾಕುತ್ತಾರೆ. ಶಾಫ್ಟು ಅಲ್ಲಾಡುತ್ತದೆ, ಸೀಲು ಹರಿಯುತ್ತದೆ. ಈ ಮಾದರಿಯಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ಮು ಕೂತಿರುವುದು ಆ ಔಟ್‌ಪುಟ್ಟಿನ ಮೇಲೆಯೇ. ಸೋರಿದ ಎಣ್ಣೆ ಬ್ರೇಕ್ ಲೈನಿಂಗಿಗೆ ಇಳಿಯುತ್ತದೆ. ಗುಡ್ಡದ ಏರಿನಲ್ಲಿ ನಿಲ್ಲಿಸಿದ ಗಾಡಿ ಹಿಂದಕ್ಕೆ ಜಾರಿದರೆ ಯಾರ ಜೀವ ಹೋಗುತ್ತದೆ?

ಡಾನಾ 18ರಲ್ಲಿ ಹಿಂದಿನ ಔಟ್‌ಪುಟ್ಟು ನಡುವಿನಲ್ಲಿ ಇರುವುದಿಲ್ಲ, ಒಂದು ಪಕ್ಕಕ್ಕೆ ಇರುತ್ತದೆ. ಟೂ ವೀಲ್ ಜೀಪಿನ ಹಿಂದಿನ ಹೌಸಿಂಗಿನ ಪಿನಿಯನ್ ನಡುವಿನಲ್ಲಿದ್ದರೆ ಶಾಫ್ಟು ಓರೆಯಾಗುತ್ತದೆ. ಮೇಲಿಂದ ಕೆಳಕ್ಕೆ ಇರುವ ಇಳಿಜಾರಿನ ಜೊತೆ ಪಕ್ಕದ ಓರೆಯೂ ಸೇರಿ ಕ್ರಾಸಿನ ಕೋನ ಹೆಚ್ಚುತ್ತದೆ. ಸಾಲದ್ದಕ್ಕೆ ಟ್ರಾನ್ಸ್‌ಫರ್ ಕೇಸ್ ಸೇರಿದ ಮೇಲೆ ಹಿಂದಿನ ಶಾಫ್ಟು ಗಿಡ್ಡವಾಗಿರುತ್ತದೆ, ಗಿಡ್ಡವಾದಷ್ಟೂ ಕೋನ ಕಡಿದು. ಇದಕ್ಕೆ ಸರಿಯಾದ ದಾರಿ ಎಂದರೆ ಪಕ್ಕಕ್ಕೆ ಪಿನಿಯನ್ ಇರುವ ಹಿಂದಿನ ಹೌಸಿಂಗನ್ನೇ ಜೊತೆಗೆ ತರುವುದು, ಇಲ್ಲವೇ ನಡುವೆ ಔಟ್‌ಪುಟ್ ಇರುವ ಕೇಸನ್ನು ಆರಿಸುವುದು. ಮುಂದಿನ ಪಿನಿಯನ್ನೂ ಮುಂದಿನ ಔಟ್‌ಪುಟ್ಟೂ ಒಂದೇ ಪಕ್ಕಕ್ಕೆ ಇವೆಯೇ ಅಂತ ದುಡ್ಡು ಕೊಡುವ ಮೊದಲೇ ನೋಡಬೇಕು. ಇದನ್ನೂ ನೋಡದೆ ತಂದು ಹಾಕುವವರಿದ್ದಾರೆ ಅಂದರೆ ಏನು ಹೇಳೋದು.

ಶಾಫ್ಟಿನ ಉದ್ದದ ಅಳತೆಯನ್ನು ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಾಗ ತೆಗೆಯಬೇಕು, ಜ್ಯಾಕ್ ಮೇಲೆ ತೂಗುತ್ತಿರುವಾಗ ಅಲ್ಲ. ಸ್ಲಿಪ್ ಜಾಯಿಂಟು ಇನ್ನೂ 25–30 ಮಿಲಿಮೀಟರ್ ಒಳಗೆ ಹೋಗುವಷ್ಟು ಜಾಗ ಬೇಕು. ಇಲ್ಲದಿದ್ದರೆ ಸ್ಪ್ರಿಂಗ್ ಪಟ್ಟಿ ಒತ್ತಿದಾಗ ಶಾಫ್ಟು ನೇರವಾಗಿ ಕೇಸಿನ ಬೇರಿಂಗಿಗೆ ಗುದ್ದುತ್ತದೆ. ಎರಡು ತುದಿಯ ಯೋಕುಗಳೂ (ಕ್ರಾಸ್ ಹಿಡಿಯುವ ಕವಲುಗಳು) ಒಂದೇ ಮಟ್ಟದಲ್ಲಿರಬೇಕು, ಕತ್ತರಿಸಿ ಬೆಸೆಯುವಾಗ ಕಾಲು ಸುತ್ತು ತಪ್ಪಿಸಿದರೆ ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ನಡುಕ ಹೋಗುವುದಿಲ್ಲ. ಕೇಸಿನ ಫ್ಲೇಂಜೂ ಪಿನಿಯನ್ ಫ್ಲೇಂಜೂ ಸಮಾನಾಂತರ ಇರಲಿ, ಎರಡು ಕ್ರಾಸಿನ ಕೋನದ ನಡುವೆ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಲೇಥಿನಲ್ಲಿ ಕಚ್ಚಿ ತಿರುಗಿಸಿ "ನೆಟ್ಟಗೈತಿ" ಅನ್ನುವುದು ಬ್ಯಾಲೆನ್ಸಿಂಗ್ ಅಲ್ಲ.

ಮುಂದಿನ ಹೌಸಿಂಗು ಹಾಕಿದ ಮೇಲೆ ಬ್ರೇಕ್ ಹೋಸ್ ಉದ್ದ, ಸ್ಟಿಯರಿಂಗ್ ಡ್ರ್ಯಾಗ್ ಲಿಂಕು, ಪಟ್ಟಿಯ ಬಲ ಎಲ್ಲವೂ ಬದಲಾಗುತ್ತವೆ. ಮೊದಲಿದ್ದದ್ದು ಬರೀ ಬೀಮು, ಈಗ ಡಿಫರೆನ್ಷಿಯಲ್ಲಿನ ಭಾರ. ಹಳೇ ಪಟ್ಟಿಯಲ್ಲೇ ಬಿಟ್ಟರೆ ಗುಂಡಿಯಲ್ಲಿ ಡಿಫರೆನ್ಷಿಯಲ್ ಎದ್ದು ಎಂಜಿನ್ ಸಂಪಿಗೆ ಹೊಡೆಯುತ್ತದೆ. ಬಂಪ್ ಸ್ಟಾಪ್ ಹಾಕಿಸಿ. ಫ್ರೀ ವೀಲಿಂಗ್ ಹಬ್ ಸಿಕ್ಕರೆ ಅದನ್ನೂ ಹಾಕಿಸಿ, ಡಾಂಬರಿನ ಮೇಲೆ ಮುಂದಿನ ಶಾಫ್ಟು ಸುಮ್ಮನೆ ತಿರುಗಿ ಸವೆಯುವುದು ತಪ್ಪುತ್ತದೆ.

ಹೊಸ ಗಾಡಿಗಳ ಚೈನ್ ಇರುವ ಕೇಸು ತಂದು ಹಾಕುವವರದು ಬೇರೆ ಅವಾಂತರ. 2010ರ ಥಾರ್ ತರಹದ ಗಾಡಿಯಲ್ಲಿ ಲೋ 2.48, ಕೆಲಸವೂ ನುಣುಪು. ಆದರೆ ಚೈನ್ ಕೇಸಿಗೆ ಸಾಮಾನ್ಯವಾಗಿ ಬೇಕಾದ್ದು ತೆಳ್ಳನೆಯ ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ. ಅದಕ್ಕೆ ಡ್ರಮ್ಮಿನಿಂದ 90 ನಂಬರ್ ಗೇರ್ ಆಯಿಲ್ ಸುರಿಯುತ್ತಾರೆ. ಒಳಗಿನ ಸಣ್ಣ ಪಂಪು ಎಳೆಯಲಾರದೆ ಮೇಲಿನ ಬೇರಿಂಗಿಗೆ ಎಣ್ಣೆಯೇ ಹೋಗುವುದಿಲ್ಲ. ಯಾವ ಎಣ್ಣೆ ಅಂತ ಆ ಗಾಡಿಯ ಮ್ಯಾನ್ಯುಯಲ್ ನೋಡಿ ಹಾಕಬೇಕು. ಮೋಟಾರಿನಿಂದ ಶಿಫ್ಟ್ ಆಗುವ ಕೇಸಾದರೆ ಅದರ ಕಂಟ್ರೋಲ್ ಯೂನಿಟ್ಟು, ವೈರಿಂಗು, ಸ್ವಿಚ್ಚು ಎಲ್ಲ ಒಟ್ಟಿಗೆ ಬೇಕು. ಬರೀ ಕೇಸು ತಂದರೆ ಅದು ಕಬ್ಬಿಣದ ಭಾರ ಅಷ್ಟೇ.

ಹಳೆ ಗೇರ್ ಕೇಸಿನಲ್ಲಿ ಗೇರ್ ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವಿನ ಸೀಲು ಹೋದರೆ ಎಣ್ಣೆ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ಒಂದು ತುಂಬಿ ಸೋರುತ್ತದೆ, ಇನ್ನೊಂದು ಒಣಗುತ್ತದೆ. ಅದಕ್ಕೇ ಎರಡಕ್ಕೂ ಜಿಎಲ್-4 ಎಣ್ಣೆಯೇ ಇರಲಿ, ಜಿಎಲ್-5 ಗೇರ್ ಬಾಕ್ಸಿನ ಹಿತ್ತಾಳೆ ಸಿಂಕ್ರೋಗೆ ಆಗದು. ಒಳಗಿನ ಗಾಳಿ ಆಡುವ ಬ್ರೀದರ್ ತೂತು ಎರೆ ಮಣ್ಣಿನಿಂದ ಮುಚ್ಚಿದೆಯೇ ಅಂತ ಕಡ್ಡಿ ಹಾಕಿ ನೋಡಿ. ಸಿಂಧನೂರು, ಗಂಗಾವತಿ ಗದ್ದೆ ಕಡೆ ಕಾಲುವೆ ನೀರಲ್ಲಿ ಇಳಿಸುವ ಗಾಡಿಗಳಿಗಂತೂ ಬ್ರೀದರಿಗೆ ಪೈಪ್ ಹಾಕಿ ಮೇಲಕ್ಕೆ ತಂದು ಬಿಡಬೇಕು. ಕಾದ ಹೌಸಿಂಗು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ನೀರನ್ನು ಸೀಲಿನಿಂದ ಎಳೆದುಕೊಳ್ಳುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾದರೆ ಅದೇ ಕಾರಣ.

ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿದಿದೆ. 182ಎ ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಗಾಡಿಯ ಖಾಲಿ ತೂಕ ಆರ್‌ಸಿಯಲ್ಲಿ ಬರೆದಿರುತ್ತದೆ, ಹೌಸಿಂಗು, ಕೇಸು ಸೇರಿದ ಮೇಲೆ ಅದು ಬದಲಾಗದೆ ಇರುತ್ತದೆಯೇ? ಕೆಎ-34 ಇರಲಿ, 36 ಇರಲಿ, 37 ಇರಲಿ, ಕೆಲಸ ಶುರು ಮಾಡುವ ಮೊದಲೇ ಆರ್‌ಟಿಒದಲ್ಲಿ ಬರವಣಿಗೆಯಲ್ಲಿ ಕೇಳಿ. ವಿಮೆಯವರನ್ನೂ ಕೇಳಿ. ಸಿಕ್ಕಿಬೀಳುವುದು ಗ್ಯಾರೇಜಿನವರಲ್ಲ, ಆರ್‌ಸಿಯಲ್ಲಿ ಹೆಸರಿರುವವರು. ಕಂಪನಿಯಿಂದಲೇ ಫೋರ್ ಬೈ ಫೋರ್ ಆಗಿ ಬಂದ ಹಳೆ ಗಾಡಿ ಸಿಕ್ಕರೆ ಟೂ ವೀಲನ್ನು ಮಾರಿ ಅದನ್ನು ಕೊಳ್ಳುವುದು ಎಷ್ಟೋ ಪಾಲು ಮೇಲು.

ಎರೆ ಹೊಲದವರಿಗೆ ಇದನ್ನೂ ಹೇಳಲೇಬೇಕು. ಮಳೆ ಬಿದ್ದ ಎರೆಯಲ್ಲಿ ಟೈರಿನ ಗೆರೆಯೊಳಗೆ ಮಣ್ಣು ತುಂಬಿ ಚಕ್ರ ಗುಂಡಗಿನ ಉಂಡೆಯಾಗುತ್ತದೆ. ಆಗ ಲೋ ಹಾಕಿದರೆ ಆ ಉಂಡೆ ಇನ್ನೂ ನಿಧಾನ ತಿರುಗುತ್ತದೆ, ಅಷ್ಟೇ. ಅಲ್ಲಿ ಬೇಕಾದ್ದು ಅಗಲ ಗೆರೆಯ, ಮಣ್ಣು ಉದುರಿಸುವ ಟೈರು. ಎರಡೂ ಡಿಫರೆನ್ಷಿಯಲ್ ಮಣ್ಣಿನ ಮೇಲೆ ಕೂತ ಮೇಲೆ ಯಾವ ಗೇರೂ ಎತ್ತುವುದಿಲ್ಲ. ಲೋ ನಿಜವಾಗಿ ಕೆಲಸಕ್ಕೆ ಬರುವುದು ಗುಡ್ಡದ ಏರಿಗೆ, ಅದಕ್ಕಿಂತ ಹೆಚ್ಚು ಇಳಿಜಾರಿಗೆ, ಬ್ರೇಕ್ ಸುಡದೆ ಎಂಜಿನ್ ಹಿಡಿತದಲ್ಲಿ ಇಳಿಯಲು. ನಿಮ್ಮ ಕೆಲಸ ಹೊಲಕ್ಕಷ್ಟೇ ಆದರೆ ಮೊದಲು ಟೈರು ಬದಲಿಸಿ ನೋಡಿ. ಇದನ್ನು ಹೇಳದೆ ಎಲ್ಲರಿಗೂ ಕೇಸು ಮಾರುತ್ತಾರೆ.

ಆದರೂ ಮಾಡಿಸಲೇಬೇಕು ಅಂತಿದ್ದರೆ ಬಿಲ್ಲಿನ ಮೇಲೆ ಮುಂದಿನ ಹಲ್ಲು, ಹಿಂದಿನ ಹಲ್ಲು ಎರಡನ್ನೂ ಬರೆಸಿಕೊಳ್ಳಿ. ಪೂರ್ತಿ ಹಣ ಕೊಡಬೇಡಿ. ಟ್ರಯಲ್ಲನ್ನು ಕೆಸರಿನಲ್ಲಿ ಅಲ್ಲ, ಸಡಿಲ ಗರಸಿನ ಮೇಲೆ ಕೇಳಿ: ಫೋರ್ ಬೈ ಫೋರ್ ಹಾಕಿ ನೆಟ್ಟಗೆ 50 ಮೀಟರ್ ಹೋಗಿ ನಿಂತು ಲಿವರ್ ಎಳೆದರೆ ಸಲೀಸಾಗಿ ಬರಬೇಕು. 500 ಕಿಲೋಮೀಟರ್ ಆದ ಮೇಲೆ ಕೇಸಿನ ಎಣ್ಣೆ ಬಿಳಿ ಪ್ಲಾಸ್ಟಿಕ್ ಡಬ್ಬಿಗೆ ಇಳಿಸಿ, ಬಿಸಿಲಲ್ಲಿ ಹಿಡಿದು ನೋಡಿ. ನುಣ್ಣನೆ ಬೂದಿಯಂಥ ಪುಡಿ ಇದ್ದರೆ ಚಿಂತೆಯಿಲ್ಲ. ಮಿನುಗುವ ಚೂರು ಕಂಡರೆ ಕೇಸು ಮತ್ತೆ ಬಿಚ್ಚಬೇಕು, ಅವರ ಖರ್ಚಿನಲ್ಲಿ. ಬಾಕಿ ದುಡ್ಡು ಆ ಡಬ್ಬಿ ನೋಡಿದ ಮೇಲೆ.