ಸ್ಪಷ್ಟನೆ: ಇಕಾರಸ್ ಚಿತ್ರ ಇರುವುದು ಫ್ಲಾರೆನ್ಸ್‌ನಲ್ಲಲ್ಲ
"ಇಟಲಿಯ ಫ್ಲಾರೆನ್ಸಿನ ಉಫಿಝಿ ಗ್ಯಾಲರಿಯಲ್ಲಿ, ಗ್ರೀಕ್ ಪುರಾಣದಲ್ಲಿ ರೆಕ್ಕೆ ಕಟ್ಟಿ ಹಾರಿದ ಇಕಾರಸ್ ಬೀಳುವ ಚಿತ್ರವಿದೆ, ನೋಡಿದವರು ಮೂರ್ಛೆ ಹೋಗುತ್ತಾರೆ, ಅದರ ಮೇಲೇ ಸಿನಿಮಾ ಬಂದಿದೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ನಾನೂ ಎರಡು ಗ್ರೂಪ್‌ಗೆ ಕಳಿಸಿದ್ದೆ. ತಪ್ಪಾಯಿತು, ಕ್ಷಮಿಸಿ.

ಸಿನಿಮಾ ಇರುವುದು ನಿಜ. ಡಾರಿಯೊ ಅರ್ಜೆಂಟೊ ನಿರ್ದೇಶನದ 'ದ ಸ್ಟೆಂಡಾಲ್ ಸಿಂಡ್ರೋಮ್', 1996. ಅದರಲ್ಲಿ ಪೊಲೀಸ್ ಅಧಿಕಾರಿ ಅನ್ನಾ ಉಫಿಝಿಯಲ್ಲಿ ಈ ಚಿತ್ರದೆದುರು ಕುಸಿದು ಬೀಳುತ್ತಾಳೆ, ತುಟಿ ಒಡೆದು ರಕ್ತ ಬರುತ್ತದೆ. ಆದರೆ ಹಳೆಯ ಚಿತ್ರಕಾರ ಬ್ರೂಗಲ್ ಬರೆದದ್ದೆಂದು ಹೇಳುವ ಆ ಚಿತ್ರ ಇರುವುದು ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ, ಅಲ್ಲಿನ ರಾಯಲ್ ಮ್ಯೂಸಿಯಂನಲ್ಲಿ. ಉಫಿಝಿಗೆ ಬಂದದ್ದು ಕಥೆಯಲ್ಲಿ ಮಾತ್ರ. ಚಿತ್ರವೂ ಭಯಾನಕವೇನಲ್ಲ: ಮುಂದುಗಡೆ ರೈತನೊಬ್ಬ ನೇಗಿಲು ಹೊಡೆಯುತ್ತಿದ್ದಾನೆ, ಬಲಗಡೆ ಕೆಳಗೆ ಹಡಗಿನ ಪಕ್ಕ ನೀರಿನಿಂದ ಎರಡು ಕಾಲು ಮೇಲೆದ್ದಿವೆ. ಮುಳುಗುತ್ತಿರುವ ಇಕಾರಸ್ ಅಷ್ಟೇ ಕಾಣುವುದು.

ಮೂರ್ಛೆಯ ಮಾತಿಗೆ ಆಧಾರ ಬೇರೆ. ಫ್ಲಾರೆನ್ಸಿನ ಮನೋವೈದ್ಯೆ ಗ್ರಾಝಿಯೆಲ್ಲಾ ಮಘೆರಿನಿ, ಕಲಾಕೃತಿಗಳ ನಡುವೆ ತಲೆಸುತ್ತಿ ಗಾಬರಿಗೊಂಡ 106 ಪ್ರವಾಸಿಗರ ಪ್ರಕರಣಗಳನ್ನು ದಾಖಲಿಸಿ, ಈ ಸ್ಥಿತಿಗೆ ಫ್ರೆಂಚ್ ಲೇಖಕ ಸ್ಟೆಂಡಾಲ್ ಹೆಸರಿಟ್ಟರು. ಅದು ಒಂದು ಚಿತ್ರಕ್ಕೆ ಅಂಟಿದ ಶಾಪವಲ್ಲ.

ದಯವಿಟ್ಟು ಆ ಸಂದೇಶ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗ್ರೂಪ್‌ಗೆ ಇದನ್ನೂ ಹಾಕಿ.