ಅಪ್ಪ ಏನು ಮಾಡ್ತಾರೆ?

ಮ್ಯೂನಿಕ್‌ನಲ್ಲಿ ನನ್ನ ಮೊದಲ ಇಂಟರ್‌ವ್ಯೂ. 'ನಿಮ್ಮ ಬಗ್ಗೆ ಹೇಳಿ' ಅಂದರು. ಬೆಂಗಳೂರಿನಲ್ಲಿ ಬಾಯಿಪಾಠ ಆಗಿದ್ದನ್ನೇ ಶುರು ಮಾಡಿದೆ. ಹಾಸನದ ಹತ್ತಿರ ಹಳ್ಳಿ, ಅಪ್ಪ ಮೇಷ್ಟ್ರು, ಒಬ್ಬಳು ತಂಗಿ, ಎಸ್ಸೆಸ್ಸೆಲ್ಸಿಯಲ್ಲಿ ಇಷ್ಟು ಪರ್ಸೆಂಟು, ಪಿಯುಸಿಯಲ್ಲಿ ಇಷ್ಟು. ಎದುರಿಗಿದ್ದ ಹೆಂಗಸು ಬರೆಯುವುದು ನಿಲ್ಲಿಸಿ ಪೆನ್ನಿಗೆ ಮುಚ್ಚಳ ಹಾಕಿದರು. ಕೆಲಸದ ಮಾತಿಗೆ ಬಂದ ಮೇಲೇ ಅದನ್ನು ಮತ್ತೆ ತೆಗೆದಿದ್ದು.

ಬೇಸರದಿಂದ ಹಾಗೆ ಮಾಡಿದರೇನೋ ಅಂದುಕೊಂಡಿದ್ದೆ. ಆಮೇಲೆ ಅರ್ಥವಾಯಿತು, ಮನೆ ವಿಷಯ ಅವರಿಗೆ ಬೇಡವೇ ಬೇಡ. ಜರ್ಮನಿಯಲ್ಲಿ 2006ರಿಂದ ಸಮಾನತೆಯ ಕಾನೂನಿದೆ. ಗಂಡು ಹೆಣ್ಣು, ಧರ್ಮ, ವಯಸ್ಸು ನೋಡಿ ಕೆಲಸ ಇಲ್ಲ ಅನ್ನುವಂತಿಲ್ಲ. ಗರ್ಭಿಣಿಯಾ, ಮಗು ಮಾಡ್ಕೊಳ್ತೀರಾ ಅಂತ ಕೇಳುವ ಹಾಗೂ ಇಲ್ಲ. ಕೇಳಿದರೆ ಸುಳ್ಳು ಹೇಳಬಹುದು. ಆ ಸುಳ್ಳಿಗಾಗಿ ಕೆಲಸದಿಂದ ತೆಗೆಯಲು ಬರುವುದಿಲ್ಲ. ಇದನ್ನು ಮೊದಲ ಸಲ ಕೇಳಿದಾಗ ನನ್ನ ಹೆಂಡತಿ ನಂಬಲೇ ಇಲ್ಲ.

ಸಂಬಳವೂ ಅಷ್ಟೇ. ನಮ್ಮಲ್ಲಿ ಮೂರು ತಿಂಗಳ ಸ್ಯಾಲರಿ ಸ್ಲಿಪ್ ತೋರಿಸಬೇಕು, ಅದರ ಮೇಲೆ ಇಷ್ಟು ಪರ್ಸೆಂಟ್ ಹೈಕ್. ಒಮ್ಮೆ ಕಡಿಮೆಗೆ ಸೇರಿದವನು ಕಡಿಮೆಯಲ್ಲೇ ಉಳಿಯುತ್ತಾನೆ. ನನಗೆ ಇಲ್ಲಿ ಕೇಳಿದ್ದು ವರ್ಷಕ್ಕೆ ಎಷ್ಟು ಬೇಕು ಅಂತ ಮಾತ್ರ.

ಹಾಗಂತ ಇಲ್ಲಿ ಎಲ್ಲ ಸಲೀಸು ಅಂತಲ್ಲ. ಬಯೋಡೇಟಾದಲ್ಲಿ ನಾಲ್ಕು ತಿಂಗಳು ಖಾಲಿ ಇದ್ದರೂ ಬೆರಳಿಟ್ಟು ಕೇಳುತ್ತಾರೆ. ನನ್ನದರಲ್ಲಿ ಎಂಟು ತಿಂಗಳಿತ್ತು. ಅಪ್ಪನಿಗೆ ಸ್ಟ್ರೋಕ್ ಆದಾಗ ಕೆಲಸ ಬಿಟ್ಟು ಊರಲ್ಲಿದ್ದೆ. ಏನೋ ಕೋರ್ಸ್ ಮಾಡ್ತಿದ್ದೆ ಅನ್ನು ಅಂತ ಬೆಂಗಳೂರಿನ ಗೆಳೆಯರು ಹೇಳಿಕೊಟ್ಟಿದ್ದರು. ಇಲ್ಲಿ ಇದ್ದದ್ದನ್ನೇ ಹೇಳಿದೆ. ಆಕೆ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು.

ನಮ್ಮ 'ಯಾವೂರು ನಿಮ್ದು?' ನನಗೆ ಇವತ್ತಿಗೂ ಇಷ್ಟ. ಕೈ ನಡುಗುತ್ತಾ ಕೂತ ಹುಡುಗನಿಗೆ ಆ ಒಂದು ಮಾತು ಜೀವ ಕೊಡುತ್ತೆ. ಅದು ಇರಲಿ. ಆದರೆ ಹೋದ ತಿಂಗಳು ಬೆಂಗಳೂರಿನಲ್ಲಿ ನನ್ನ ತಂಗಿಗೆ ಕೇಳಿದ ಮೊದಲ ಪ್ರಶ್ನೆ, 'ಮಗುನ ಯಾರು ನೋಡ್ಕೊಳ್ತಾರೆ?' ಹನ್ನೊಂದು ವರ್ಷ ಟೆಸ್ಟಿಂಗ್ ಮಾಡಿದವಳು ಅವಳು. ಅದೇ ದಿನ ಅಲ್ಲಿಗೆ ಬಂದಿದ್ದ ಅವಳ ಹಳೇ ಸಹೋದ್ಯೋಗಿಗೂ ಎರಡು ವರ್ಷದ ಮಗುವಿದೆ. ಅವನಿಗೆ ಯಾರೂ ಕೇಳಲಿಲ್ಲ.